ಎಳೆಯುವ ಬಲ, ಹೊರುವ ಬಲ, ನಿಲ್ಲಿಸುವ ಬಲ

ಟ್ರಾವೆಲ್ ಟ್ರೇಲರ್ ಎಂದರೆ ಅಡುಗೆಯ ಒಲೆ, ಮಲಗುವ ಹಾಸಿಗೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವನ್ನೂ ಒಳಗೊಂಡು, ತನ್ನದೇ ಎಂಜಿನ್ ಇಲ್ಲದೆ ಮತ್ತೊಂದು ವಾಹನದ ಹಿಂದೆ ಕಟ್ಟಿಸಿಕೊಂಡು ಸಾಗುವ ಗಾಲಿಯ ಮನೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದರ ಬಳಕೆ ಬಹಳ ಹಿಂದಿನಿಂದ ಬಂದದ್ದು. ವಾಲಿ ಬಯಮ್ ಅವರ ಏರ್‌ಸ್ಟ್ರೀಮ್ ಕಂಪನಿ 1931ರಲ್ಲಿ ಆರಂಭವಾಯಿತು. 1959ರಲ್ಲಿ ಅವರ ಮುಂದಾಳುತನದಲ್ಲಿ ಹೊರಟ ತಂಡವೊಂದು ಇಂಥ ಟ್ರೇಲರುಗಳನ್ನು ಎಳೆದುಕೊಂಡು ದಕ್ಷಿಣ ಆಫ್ರಿಕದ ಕೇಪ್‌ಟೌನಿನಿಂದ ಈಜಿಪ್ಟಿನ ಕೈರೋ ನಗರದವರೆಗೆ ಸಾಗಿತು. ಇಂದು ಆ ದೇಶದಲ್ಲಿ ಈ ಮನೆಗಳನ್ನು ಎಳೆಯುವ ಕೆಲಸ ಬಹುಮಟ್ಟಿಗೆ ಪಿಕಪ್ ಟ್ರಕ್ಕಿನದು, ಅಂದರೆ ಮುಂದೆ ಜನ ಕೂರುವ ಕ್ಯಾಬಿನ್ ಮತ್ತು ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ ಇರುವ ವಾಹನದ್ದು. ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ, ಊರಿನಿಂದ ಬಂದ ತಂದೆತಾಯಿಯರನ್ನು ಕೂರಿಸಿಕೊಂಡು ರಾಷ್ಟ್ರೀಯ ಉದ್ಯಾನಗಳಿಗೆ ಹೋಗಿಬರಲು ಇದು ಒದಗುವ ಸಾಧನವಾದ್ದರಿಂದ, ಅದನ್ನು ಸುರಕ್ಷಿತವಾಗಿ ಕಟ್ಟುವ ಕ್ರಮ ಕನ್ನಡದಲ್ಲಿಯೂ ತಿಳಿದಿರಬೇಕಾದ ವಿಷಯವಾಗಿದೆ.

ಈ ತಿಳಿವಳಿಕೆಯ ಅಗತ್ಯಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಲಿಫೋರ್ನಿಯದಲ್ಲಿ ಸಾಮಾನ್ಯ ಕಾರು ನಡೆಸುವ ಪರವಾನಗಿ ಇದ್ದವರು 10,000 ಪೌಂಡಿನವರೆಗಿನ, ಅಂದರೆ ಸುಮಾರು 4,500 ಕಿಲೋಗ್ರಾಂ ತೂಕದ ಟ್ರಾವೆಲ್ ಟ್ರೇಲರನ್ನು ಬೇರೆ ಪರೀಕ್ಷೆಯಿಲ್ಲದೆ ಎಳೆಯಬಹುದು. ಬೆಳಿಗ್ಗೆ ಅಂಗಡಿಯಲ್ಲಿ ಹಣ ಕಟ್ಟಿದವರು ಮಧ್ಯಾಹ್ನ ಹೆದ್ದಾರಿಗೆ ಇಳಿಯಬಹುದಾದ ಇಂಥ ವ್ಯವಸ್ಥೆಯಲ್ಲಿ ಕಾನೂನು ಕೇಳದ ಪ್ರಶ್ನೆಗಳನ್ನು ಚಾಲಕರೇ ಕೇಳಿಕೊಳ್ಳಬೇಕಾಗುತ್ತದೆ. ಅವುಗಳಲ್ಲಿ ಮೊದಲನೆಯದು, ಟ್ರಕ್ಕು ಎಷ್ಟು ಭಾರವನ್ನು ಎಳೆಯಬಲ್ಲದು ಎಂಬ ಪ್ರಶ್ನೆ. ಹೆಚ್ಚಿನವರು ಅಲ್ಲಿಗೇ ನಿಲ್ಲುತ್ತಾರೆ. ಆದರೆ ಅದೇ ಟ್ರಕ್ಕು ತನ್ನ ಬೆನ್ನ ಮೇಲೆ ಎಷ್ಟನ್ನು ಹೊರಬಲ್ಲದು, ಗಾಳಿ ಬೀಸಿದಾಗ ಆ ಜೋಡಿ ನೇರವಾಗಿ ಓಡುವುದೇ, ಬೆಟ್ಟದ ಇಳಿಜಾರಿನಲ್ಲಿ ನಿಲ್ಲಿಸಿದರೆ ನಿಲ್ಲುವುದೇ ಎಂಬ ಪ್ರಶ್ನೆಗಳೇ ಪ್ರಾಣದ ಪ್ರಶ್ನೆಗಳು.

ಎಳೆಯುವ ಬಲವನ್ನು ಮೊದಲು ನೋಡಬಹುದು. ಜಾಹೀರಾತುಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವ ಟೋಯಿಂಗ್ ಕೆಪಾಸಿಟಿ ಎಂಬ ಅಂಕಿಯನ್ನು ಒಂದು ಕಾಲದಲ್ಲಿ ಪ್ರತಿ ಕಂಪನಿಯೂ ತನಗೆ ತೋಚಿದ ಅಳತೆಯಲ್ಲಿ ನಿರ್ಧರಿಸುತ್ತಿತ್ತು. ವಾಹನ ಎಂಜಿನಿಯರುಗಳ ಸಂಸ್ಥೆಯಾದ ಎಸ್.ಎ.ಇ. 2008ರಲ್ಲಿ ಜೆ-2807 ಎಂಬ ಮಾನದಂಡವನ್ನು ಪ್ರಕಟಿಸಿದ ಮೇಲೆ ಎಲ್ಲರಿಗೂ ಒಂದೇ ಪರೀಕ್ಷೆ ಎಂಬ ನಿಯಮ ಕ್ರಮೇಣ ನೆಲೆಗೊಂಡಿತು. 2011ರ ಮಾದರಿಯ ಟುಂಡ್ರಾ ಟ್ರಕ್ಕಿಗೆ ಅದನ್ನು ಅನ್ವಯಿಸಿ ಟೊಯೋಟಾ ಮೊದಲ ಕಂಪನಿಯಾಯಿತು. ಈ ಪರೀಕ್ಷೆಯ ಒಂದು ಭಾಗ ಅರಿಜೋನಾ ರಾಜ್ಯದ ಡೇವಿಸ್ ಅಣೆಕಟ್ಟೆಯ ಬಳಿಯ ಏರುದಾರಿಯನ್ನು ಆಧರಿಸಿದೆ. ಸುಮಾರು 18 ಕಿಲೋಮೀಟರ್ ಉದ್ದದ ಆ ಏರನ್ನು, 38 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ, ಏರ್ ಕಂಡೀಷನರನ್ನು ಪೂರ್ತಿ ಹಾಕಿಕೊಂಡು, ಹಿಂದಿನ ಅಚ್ಚಿನಲ್ಲಿ ಎರಡೇ ಗಾಲಿಗಳಿರುವ ಟ್ರಕ್ಕು ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಆದ್ದರಿಂದ ಇಂದಿನ ಅಂಕಿ ಹಿಂದಿನದಕ್ಕಿಂತ ನಂಬಿಕೆಗೆ ಅರ್ಹವಾದದ್ದೇ. ಆದರೆ ಆ ಪರೀಕ್ಷೆಯಲ್ಲಿ ಟ್ರಕ್ಕಿನೊಳಗೆ ತಲಾ 150 ಪೌಂಡಿನ ಇಬ್ಬರು ಮಾತ್ರ ಇದ್ದಾರೆಂದು ಎಣಿಸಲಾಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮಕ್ಕಳು, ಅಜ್ಜಅಜ್ಜಿ, ಅಕ್ಕಿಯ ಚೀಲ, ಸೌದೆ, ಜನರೇಟರ್ ಇವೆಲ್ಲ ಸೇರಿದ ಸಂಸಾರ ಆ ಲೆಕ್ಕದಲ್ಲಿ ಇಲ್ಲ.

ಸಂಸಾರದ ಲೆಕ್ಕ ಸಿಗುವುದು ಚಾಲಕನ ಬಾಗಿಲು ತೆರೆದಾಗ ಚೌಕಟ್ಟಿನಲ್ಲಿ ಕಾಣುವ, ಹಳದಿ ಬಿಳಿ ಬಣ್ಣದ ಸಣ್ಣ ಚೀಟಿಯಲ್ಲಿ. ವಾಹನದಲ್ಲಿ ಕೂರುವ ಜನರ ಮತ್ತು ಹೇರುವ ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಇದಕ್ಕೆ ಪೇಲೋಡ್, ಅಂದರೆ ಹೊರುವ ಮಿತಿ ಎಂದು ಹೆಸರು. ಒಂದೇ ಹೆಸರಿನ, ಒಂದೇ ವರ್ಷದ ಎರಡು ಟ್ರಕ್ಕುಗಳಲ್ಲಿಯೂ ಸಲಕರಣೆಗಳು ಬೇರೆಯಾಗಿದ್ದರೆ ಈ ಮಿತಿ ಬೇರೆಯಾಗಿರುತ್ತದೆ. ಆದುದರಿಂದ ಕೈಪಿಡಿಯಲ್ಲಿ ಓದಿದ ಅಂಕಿಗಿಂತ ಆಯಾ ವಾಹನದ ಬಾಗಿಲಿನ ಚೀಟಿಯೇ ಪ್ರಮಾಣ. ಟ್ರೇಲರಿನ ಒಂದು ಪಾಲು ಭಾರವೂ ಟ್ರಕ್ಕಿನ ಮೇಲೆ ಕೂರುವುದರಿಂದ ಅದನ್ನೂ ಇದೇ ಮಿತಿಯಲ್ಲಿ ಎಣಿಸಬೇಕು.

ಈ ಪಾಲು ಭಾರದ ತತ್ತ್ವ ಎತ್ತಿನ ಗಾಡಿ ಹೇರಿದವರಿಗೆ ಹೊಸದಲ್ಲ. ಗಾಡಿಯ ಹಿಂಭಾರ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ, ಮುಂಭಾರ ಹೆಚ್ಚಾದರೆ ಅವುಗಳ ಹೆಗಲು ಕುಸಿಯುತ್ತದೆ; ನೊಗದ ಮೇಲೆ ಹಿತವಾದಷ್ಟು ಭಾರ ಬೀಳುವಂತೆ ಮೂಟೆಗಳನ್ನು ಹಿಂದೆ ಮುಂದೆ ಸರಿಸುವುದೇ ಹೇರುವವನ ಜಾಣ್ಮೆ. ಟ್ರೇಲರಿನ ಮೂಕಿ ಟ್ರಕ್ಕಿನ ಹಿಂಬದಿಯ ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಆ ಗುಂಡಿನ ಮೇಲೆ ಬೀಳುವ ಭಾರವನ್ನು ಅಮೆರಿಕದವರು ಟಂಗ್ ವೇಟ್ ಎನ್ನುತ್ತಾರೆ, ಇಲ್ಲಿ ಮೂಕಿಭಾರ ಎಂದು ಕರೆಯಬಹುದು. ಇದು ಟ್ರೇಲರಿನ ಒಟ್ಟು ತೂಕದ 10ರಿಂದ 15 ಪ್ರತಿಶತದೊಳಗೆ ಇರಬೇಕು ಎಂಬುದು ಎಲ್ಲರೂ ಒಪ್ಪಿದ ಸೂತ್ರ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅರ್ಧ ಟನ್ ಎಂದು ವಾಡಿಕೆಯಲ್ಲಿ ಕರೆಯುವ, ದೊಡ್ಡ ಪಿಕಪ್ಪುಗಳಲ್ಲಿ ಹಗುರವಾದ ವರ್ಗದ ಟ್ರಕ್ಕೊಂದು 11,000 ಪೌಂಡ್ ಎಳೆಯುತ್ತದೆಂದು ಜಾಹೀರಾತು ಹೇಳುತ್ತದೆ, ಬಾಗಿಲಿನ ಚೀಟಿಯಲ್ಲಿ ಹೊರುವ ಮಿತಿ 1,600 ಪೌಂಡ್ ಎಂದಿದೆ ಎಂದುಕೊಳ್ಳಬಹುದು. ಸಾಮಾನು ತುಂಬಿದಾಗ 7,000 ಪೌಂಡ್ ತೂಗುವ ಟ್ರೇಲರನ್ನು ಅದಕ್ಕೆ ಕಟ್ಟಿದರೆ, 13 ಪ್ರತಿಶತದಂತೆ ಮೂಕಿಭಾರ 910 ಪೌಂಡ್ ಆಗುತ್ತದೆ. ಕಟ್ಟುವ ಉಕ್ಕಿನ ಸಲಕರಣೆಯೇ ಸುಮಾರು 100 ಪೌಂಡ್. ಎರಡನ್ನೂ ಕಳೆದರೆ ಉಳಿಯುವುದು 590 ಪೌಂಡ್, ಅಂದರೆ 268 ಕಿಲೋಗ್ರಾಂ. ನಾಲ್ವರು ವಯಸ್ಕರು ಕುಳಿತರೆ ಅದು ಮುಗಿದೇ ಹೋಗುತ್ತದೆ, ತೊಟ್ಟಿಯಲ್ಲಿ ಒಂದು ಚೀಲ ಇಡಲೂ ಅವಕಾಶ ಉಳಿಯುವುದಿಲ್ಲ. ಎಳೆಯುವ ಮಿತಿಯಲ್ಲಿ ಇನ್ನೂ 4,000 ಪೌಂಡ್ ಬಾಕಿಯಿದ್ದರೂ ಹೊರುವ ಮಿತಿ ತೀರಿಹೋಗಿರುತ್ತದೆ. ಅರ್ಧ ಟನ್ ಟ್ರಕ್ಕುಗಳಲ್ಲಿ ಸಾಮಾನ್ಯವಾಗಿ ಮೊದಲು ಮುಟ್ಟುವ ಗೋಡೆ ಇದೇ ಆಗಿರುತ್ತದೆ. ಹಿಂಬದಿ ಕುಸಿಯದಂತೆ ಗಾಳಿಚೀಲಗಳನ್ನೋ ಹೆಚ್ಚುವರಿ ಸ್ಪ್ರಿಂಗುಗಳನ್ನೋ ಜೋಡಿಸಿದರೆ ಟ್ರಕ್ಕು ಸಮತಟ್ಟಾಗಿ ಕಾಣುತ್ತದೆಯೇ ಹೊರತು ಅಚ್ಚು, ಟೈರು, ಬ್ರೇಕುಗಳ ಮಿತಿ ಒಂದು ಪೌಂಡೂ ಹೆಚ್ಚುವುದಿಲ್ಲ.

ಮೂಕಿಭಾರ ಬೀಳುವ ಜಾಗ ಹಿಂದಿನ ಅಚ್ಚಿಗಿಂತಲೂ ಹಿಂದೆ ಇರುವುದರಿಂದ ಅದು ಸನ್ನೆಗೋಲಿನಂತೆ ಕೆಲಸಮಾಡುತ್ತದೆ. ಎರಡು ಅಚ್ಚುಗಳ ನಡುವೆ 3.7 ಮೀಟರ್ ಅಂತರವಿದ್ದು, ಗುಂಡು ಹಿಂದಿನ ಅಚ್ಚಿನಿಂದ 1.65 ಮೀಟರ್ ಹಿಂದಿರುವ ಟ್ರಕ್ಕಿನ ಮೇಲೆ 410 ಕಿಲೋಗ್ರಾಂ ಮೂಕಿಭಾರ ಬಿದ್ದರೆ, ಹಿಂದಿನ ಅಚ್ಚಿನ ಮೇಲೆ ಸುಮಾರು 590 ಕಿಲೋಗ್ರಾಂ ಹೆಚ್ಚುತ್ತದೆ, ಮುಂದಿನ ಅಚ್ಚಿನ ಮೇಲೆ ಸುಮಾರು 180 ಕಿಲೋಗ್ರಾಂ ಕಡಿಮೆಯಾಗುತ್ತದೆ. ವಾಹನವನ್ನು ತಿರುಗಿಸುವುದೂ, ಬ್ರೇಕಿನ ದೊಡ್ಡ ಪಾಲನ್ನು ಹೊರುವುದೂ ಮುಂದಿನ ಗಾಲಿಗಳೇ ಆದ್ದರಿಂದ, ಅವು ಹಗುರಾದಷ್ಟೂ ಸ್ಟಿಯರಿಂಗಿನ ಹಿಡಿತ ಸಡಿಲವಾಗುತ್ತದೆ. ರಾತ್ರಿಯಲ್ಲಿ ದೀಪಗಳು ಎದುರಿನವರ ಕಣ್ಣಿಗೆ ಹೊಡೆಯುತ್ತವೆ. ಇದನ್ನು ಸರಿಪಡಿಸುವ ಸಾಧನವೇ ಭಾರ ಹಂಚುವ ಹಿಚ್, ಅಂದರೆ ಕೊಂಡಿ. ಟ್ರಕ್ಕಿನ ಹಿಚ್ಚಿನಿಂದ ಟ್ರೇಲರಿನ ಮೂಕಿಯ ಕಡೆಗೆ ಚಾಚಿದ ಎರಡು ಉಕ್ಕಿನ ಸ್ಪ್ರಿಂಗ್ ಸಲಾಕೆಗಳನ್ನು ಬಿಗಿದಾಗ, ಹಿಂದಿನ ಅಚ್ಚಿನ ಮೇಲಿನ ಹೆಚ್ಚುವರಿ ಭಾರದ ಒಂದು ಭಾಗ ಮುಂದಿನ ಅಚ್ಚಿಗೂ ಇನ್ನೊಂದು ಭಾಗ ಟ್ರೇಲರಿನ ಅಚ್ಚುಗಳಿಗೂ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲಿ ಮುಂದಿನ ಅಚ್ಚಿಗೆ 90 ಕಿಲೋಗ್ರಾಂ ಮರಳಿ ಬರುವಷ್ಟು ಬಿಗಿದರೆ, ಟ್ರೇಲರಿನ ಅಚ್ಚುಗಳಿಗೆ ಸುಮಾರು 50 ಕಿಲೋಗ್ರಾಂ ಹೋಗಿ, ಹಿಂದಿನ ಅಚ್ಚಿನಿಂದ ಸುಮಾರು 140 ಕಿಲೋಗ್ರಾಂ ಇಳಿಯುತ್ತದೆ. ಮುಂದಿನ ಅಚ್ಚು ಕಳೆದುಕೊಂಡ ಭಾರದ ಅರ್ಧದಷ್ಟನ್ನು ಮರಳಿಸಿದರೆ ಸಾಕೆಂದು ಕೆಲವು ತಯಾರಕರು ಹೇಳುತ್ತಾರೆ, ಬೇರೆ ತಯಾರಕರ ಅಳತೆ ಬೇರೆ. ಆಯಾ ವಾಹನದ ಕೈಪಿಡಿಯನ್ನೇ ಅನುಸರಿಸಬೇಕು. ಸಲಾಕೆಗಳನ್ನು ಅತಿಯಾಗಿ ಬಿಗಿಯುವುದೂ ಅಪಾಯವೇ, ಏಕೆಂದರೆ ಆಗ ಟ್ರಕ್ಕಿನ ಹಿಂಗಾಲಿಗಳು ಹಗುರಾಗಿ ತಿರುವಿನಲ್ಲಿ ಹೊರಕ್ಕೆ ಜಾರಬಲ್ಲವು.

ಕಟ್ಟುವ ಬಿಡಿಭಾಗಗಳಿಗೂ ತಮ್ಮ ತಮ್ಮ ಮಿತಿಗಳಿವೆ. ಟ್ರಕ್ಕಿನ ಚಾಸಿಗೆ ಬೋಲ್ಟು ಮಾಡಿದ, ಚೌಕದ ಬಾಯಿಯ ಕೊಳವೆಗೆ ರಿಸೀವರ್ ಎಂದು ಹೆಸರು. ಅದರೊಳಗೆ ಸೇರಿಸುವ ತುಂಡಿನ ಮೇಲೆ ಗುಂಡು ಕೂತಿರುತ್ತದೆ. ಟ್ರೇಲರಿನ ಮೂಕಿಯ ತುದಿಯಲ್ಲಿ ಆ ಗುಂಡನ್ನು ಮೇಲಿನಿಂದ ಮುಚ್ಚಿ ಹಿಡಿಯುವ ಬಾಯಿಗೆ ಕಪ್ಲರ್ ಎನ್ನುತ್ತಾರೆ. ಗುಂಡುಗಳು ಮುಖ್ಯವಾಗಿ ಮೂರು ಅಳತೆಗಳಲ್ಲಿ ಬರುತ್ತವೆ: ಒಂದೂಮುಕ್ಕಾಲು ಇಂಚಿಗಿಂತ ತುಸು ದೊಡ್ಡದು, ಎರಡು ಇಂಚಿನದು, ಮತ್ತು ಎರಡು ಇಂಚಿಗಿಂತ ಇಂಚಿನ ಹದಿನಾರನೇ ಐದು ಭಾಗ ಹೆಚ್ಚಿರುವುದು. ದೊಡ್ಡ ಟ್ರೇಲರುಗಳಿಗೆ ಕೊನೆಯದೇ ಬಳಕೆಯಲ್ಲಿದೆ. ದೊಡ್ಡ ಕಪ್ಲರನ್ನು ಎರಡು ಇಂಚಿನ ಗುಂಡಿನ ಮೇಲೆ ಕೂರಿಸಿದರೆ ಮೇಲ್ನೋಟಕ್ಕೆ ಸರಿಯಾಗಿ ಕೂತಂತೆ ಕಂಡು, ಮೊದಲ ಗುಂಡಿಯಲ್ಲಿ ಎಗರಿ ಕಳಚಿಕೊಳ್ಳಬಹುದು. ರಿಸೀವರ್, ತುಂಡು, ಗುಂಡು, ಕಪ್ಲರ್ ಈ ನಾಲ್ಕರಲ್ಲಿ ಯಾವುದರ ಮಿತಿ ಎಲ್ಲಕ್ಕಿಂತ ಕಡಿಮೆಯೋ ಅದೇ ಇಡೀ ಜೋಡಣೆಯ ಮಿತಿ.

ಇನ್ನು ನೇರವಾಗಿ ಓಡುವ ಗುಣ. ಗುಂಡಿನ ಸುತ್ತ ಟ್ರೇಲರ್ ಸ್ವತಂತ್ರವಾಗಿ ತಿರುಗಬಲ್ಲದ್ದರಿಂದ, ಪಕ್ಕದ ಗಾಳಿಯೋ ಹಾದುಹೋಗುವ ದೊಡ್ಡ ಲಾರಿಯ ನೂಕೋ ಅದನ್ನು ಅಲುಗಿಸಿದಾಗ ಅದು ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಸರಿಯಾಗಿ ಕಟ್ಟಿದ ಜೋಡಿಯಲ್ಲಿ ಈ ಓಲಾಟ ಒಂದೆರಡು ಸಲದಲ್ಲಿ ತಣಿಯುತ್ತದೆ. ಆದರೆ ವೇಗ ಹೆಚ್ಚಿದಂತೆ ತಣಿಸುವ ಗುಣ ಕುಗ್ಗುತ್ತ ಹೋಗಿ, ಒಂದು ನಿರ್ದಿಷ್ಟ ವೇಗದಲ್ಲಿ ಪೂರ್ತಿ ಇಲ್ಲವಾಗುತ್ತದೆ. ಅದನ್ನು ಮೀರಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗಿ, ಕೊನೆಗೆ ಟ್ರೇಲರ್ ತನ್ನೊಡನೆ ಟ್ರಕ್ಕನ್ನೂ ಉರುಳಿಸುತ್ತದೆ. ಮೂಕಿಭಾರ ಕಡಿಮೆಯಿದ್ದರೆ ಈ ಅಪಾಯದ ವೇಗ ಬಹಳ ಕೆಳಗೆ ಬರುತ್ತದೆ. ಟ್ರೇಲರಿನ ಹಿಂದಿನ ಬಂಪರಿಗೆ ಸೈಕಲ್ ಕಟ್ಟುವುದನ್ನೇ ನೋಡಬಹುದು: ಅಚ್ಚಿನಿಂದ 4 ಮೀಟರ್ ಹಿಂದೆ 60 ಕಿಲೋಗ್ರಾಂ ತೂಗುಹಾಕಿದರೆ, ಅಚ್ಚಿನಿಂದ 5 ಮೀಟರ್ ಮುಂದಿರುವ ಗುಂಡಿನ ಮೇಲೆ 48 ಕಿಲೋಗ್ರಾಂ ಕಡಿಮೆಯಾಗುತ್ತದೆ. ಎರಡು ತುದಿಗಳಲ್ಲಿಯೂ ಭಾರ ಇಟ್ಟು ಸರಿದೂಗಿಸಿದರೆ ಮೂಕಿಭಾರ ಸರಿಯಾಗಬಹುದು, ಆದರೆ ತುದಿಯ ಭಾರ ಒಮ್ಮೆ ಬೀಸತೊಡಗಿದರೆ ಅದನ್ನು ನಿಲ್ಲಿಸುವುದು ಕಷ್ಟ. ಆದ್ದರಿಂದ ಭಾರದ ಸಾಮಾನುಗಳೆಲ್ಲ ನೆಲಮಟ್ಟದಲ್ಲಿ, ಅಚ್ಚುಗಳ ಹತ್ತಿರ, ತುಸು ಮುಂದಕ್ಕೆ ಇರಬೇಕು. ನೀರಿನ ತೊಟ್ಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 40 ಗ್ಯಾಲನ್ ನೀರು ಸುಮಾರು 150 ಕಿಲೋಗ್ರಾಂ ತೂಗುತ್ತದೆ, ತೊಟ್ಟಿ ಎಲ್ಲಿದೆ ಎಂಬುದರ ಮೇಲೆ ಅದು ಮೂಕಿಭಾರವನ್ನು ಹೆಚ್ಚಿಸಲೂಬಹುದು, ತಗ್ಗಿಸಲೂಬಹುದು.

ಓಲಾಟ ಶುರುವಾದಾಗ ಮನುಷ್ಯನಿಗೆ ಸಹಜವಾಗಿ ತೋಚುವುದು ಬ್ರೇಕನ್ನು ಬಲವಾಗಿ ತುಳಿಯುವುದು, ಇಲ್ಲವೇ ಸ್ಟಿಯರಿಂಗನ್ನು ಎದುರು ದಿಕ್ಕಿಗೆ ತಿರುಗಿಸುವುದು. ಎರಡೂ ತಪ್ಪು. ಬ್ರೇಕಿನಿಂದ ಟ್ರಕ್ಕಿನ ವೇಗ ಕುಗ್ಗಿ, ಟ್ರೇಲರ್ ಹಿಂದಿನಿಂದ ತಳ್ಳಿದರೆ ಜೋಡಿ ಮಡಚಿಕೊಳ್ಳುತ್ತದೆ. ಸ್ಟಿಯರಿಂಗಿನ ತಿದ್ದುವಿಕೆ ತಡವಾಗಿ ತಲಪಿ ಓಲಾಟಕ್ಕೇ ಬಲ ಕೊಡುತ್ತದೆ. ಸ್ಟಿಯರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲನೆ ತೆಗೆದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕು. ಆಗ ಟ್ರೇಲರ್ ಹಿಂದಕ್ಕೆ ಜಗ್ಗಲ್ಪಟ್ಟು ತಾನಾಗಿ ನೇರವಾಗುತ್ತದೆ.

ಟ್ರೇಲರಿಗೆ ಪ್ರತ್ಯೇಕ ಬ್ರೇಕು ಏಕೆ ಬೇಕೆಂಬುದು ಇದರಿಂದಲೇ ತಿಳಿಯುತ್ತದೆ. ಕ್ಯಾಲಿಫೋರ್ನಿಯದಲ್ಲಿ 1,500 ಪೌಂಡ್ ಮತ್ತು ಅದಕ್ಕಿಂತ ಹೆಚ್ಚು ತೂಗುವ ವಾಸದ ಟ್ರೇಲರುಗಳಿಗೆ ಬ್ರೇಕು ಕಡ್ಡಾಯ. ಅನೇಕ ರಾಜ್ಯಗಳಲ್ಲಿ ಈ ಗಡಿ 3,000 ಪೌಂಡ್. ಸಾಮಾನ್ಯ ಟ್ರಾವೆಲ್ ಟ್ರೇಲರಿನ ಗಾಲಿಯೊಳಗೆ ವಿದ್ಯುತ್ಕಾಂತವೊಂದು ಇರುತ್ತದೆ. ವಿದ್ಯುತ್ತು ಹರಿದಾಗ ಅದು ತಿರುಗುತ್ತಿರುವ ಡ್ರಮ್ಮಿಗೆ ಅಂಟಿಕೊಂಡು ಅದರೊಡನೆ ಸ್ವಲ್ಪ ಸಾಗಿ, ಒಂದು ಸನ್ನೆಯನ್ನು ತಿರುಗಿಸಿ, ಬ್ರೇಕಿನ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಎಷ್ಟು ವಿದ್ಯುತ್ತು ಹರಿಯಬೇಕೆಂದು ನಿರ್ಧರಿಸುವ ಸಾಧನಕ್ಕೆ ಬ್ರೇಕ್ ಕಂಟ್ರೋಲರ್ ಎಂದು ಹೆಸರು. ಕಡಿಮೆ ಬೆಲೆಯ ಕಂಟ್ರೋಲರುಗಳು ಚಾಲಕ ಹೇಗೆ ಒತ್ತಿದರೂ ಮೊದಲೇ ಗೊತ್ತುಮಾಡಿದಷ್ಟು ಬಲವನ್ನು ಕೊಡುತ್ತವೆ. ಅನುಪಾತದ ಕಂಟ್ರೋಲರುಗಳು ಟ್ರಕ್ಕಿನ ವೇಗ ಎಷ್ಟು ತೀವ್ರವಾಗಿ ಕುಗ್ಗುತ್ತಿದೆ ಎಂಬುದನ್ನು ಅರಿತು ಅಷ್ಟೇ ಬಲವನ್ನು ಕೊಡುವುದರಿಂದ ಅವೇ ಉತ್ತಮ. ಖಾಲಿಯಾದ ಸಮತಟ್ಟು ಜಾಗದಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಕಂಟ್ರೋಲರಿನ ಕೈಯಿಂದ ಒತ್ತುವ ಸನ್ನೆಯನ್ನು ಒತ್ತಿನೋಡಿ, ಟ್ರೇಲರಿನ ಗಾಲಿಗಳು ಬಿಗಿದು ಜಾರುವುದಕ್ಕಿಂತ ತುಸು ಕಡಿಮೆಯ ಮಟ್ಟಕ್ಕೆ ಬಲವನ್ನು ಹೊಂದಿಸಬೇಕು. ಭಾರ ಬದಲಾದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಇದರೊಂದಿಗೆ ಬ್ರೇಕ್‌ಅವೇ ಸ್ವಿಚ್ ಎಂಬ ಇನ್ನೊಂದು ಕಾವಲು ಇದೆ: ಟ್ರೇಲರ್ ಕಳಚಿಕೊಂಡರೆ ಟ್ರಕ್ಕಿಗೆ ಕಟ್ಟಿದ ತಂತಿ ಒಂದು ಪಿನ್ನನ್ನು ಎಳೆದುಹಾಕಿ, ಟ್ರೇಲರಿನದೇ ಬ್ಯಾಟರಿಯಿಂದ ಬ್ರೇಕುಗಳು ತಾವಾಗಿ ಬಿಗಿಯುತ್ತವೆ. ಆ ಬ್ಯಾಟರಿ ಸತ್ತಿದ್ದರೆ ಈ ಕಾವಲೂ ಸತ್ತಂತೆಯೇ.

ಆದರೂ ಬೆಟ್ಟದ ಇಳಿಜಾರಿನಲ್ಲಿ ಬ್ರೇಕುಗಳನ್ನೇ ನಂಬಿ ಇಳಿಯಬಾರದು. ಲಾಸ್ ಏಂಜಲೀಸಿನ ಉತ್ತರಕ್ಕೆ ಐದನೇ ಅಂತರರಾಜ್ಯ ಹೆದ್ದಾರಿಯಲ್ಲಿ ಗ್ರೇಪ್‌ವೈನ್ ಎಂಬ ಇಳಿಜಾರು ಸುಮಾರು 6 ಪ್ರತಿಶತದಷ್ಟು ಕಡಿದಾಗಿದೆ. ಅಂಥ ಇಳಿಜಾರಿನಲ್ಲಿ 6,000 ಕಿಲೋಗ್ರಾಂ ತೂಗುವ ಜೋಡಿಯೊಂದು 8 ಕಿಲೋಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ, 90 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕಾಗುವಷ್ಟು. ಇದರಲ್ಲಿ ಒಂದು ಭಾಗವನ್ನು ಗಾಳಿಯ ತಡೆ ನುಂಗಿದರೂ ಉಳಿದದ್ದೆಲ್ಲ ಬ್ರೇಕಿನಲ್ಲೇ ಶಾಖವಾದರೆ, ಕಾದ ಬ್ರೇಕುಗಳು ಹಿಡಿತ ಕಳೆದುಕೊಳ್ಳುತ್ತವೆ. ಇಳಿಜಾರು ತೊಡಗುವ ಮೊದಲೇ ವೇಗ ತಗ್ಗಿಸಿ, ಭಾರ ಎಳೆಯುವಾಗ ಬಳಸುವ ಟೋ-ಹಾಲ್ ಎಂಬ ಗೇರ್ ಕ್ರಮಕ್ಕೆ ಬದಲಿಸಿ, ಕೆಳಗಿನ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯುತ್ತ, ಅಗತ್ಯವಿದ್ದಾಗ ಬ್ರೇಕನ್ನು ಗಟ್ಟಿಯಾಗಿ ಸ್ವಲ್ಪ ಹೊತ್ತು ಒತ್ತಿ ಬಿಟ್ಟು ತಣಿಯಗೊಡಬೇಕು.

ಟೈರುಗಳ ವಿಷಯದಲ್ಲಿ ಅಲಕ್ಷ್ಯ ಸಾಮಾನ್ಯ. ಟ್ರೇಲರಿನ ಟೈರುಗಳು ಎಸ್‌ಟಿ ಎಂಬ ಬೇರೆ ವರ್ಗದವು, ಅವುಗಳಲ್ಲಿ ಕೆಲವು ಗಂಟೆಗೆ 65 ಮೈಲಿ ವೇಗಕ್ಕೆ ಮಾತ್ರ ತಯಾರಾದವು. ಗಾಳಿ ಕಡಿಮೆಯಿದ್ದರೆ ಪಕ್ಕದ ಗೋಡೆ ಮತ್ತೆ ಮತ್ತೆ ಬಾಗಿ, ಕಾದು, ಒಡೆಯುತ್ತದೆ. ಆದ್ದರಿಂದ ಓಡಿಸುವ ಮೊದಲು, ಟೈರು ತಣ್ಣಗಿರುವಾಗಲೇ ಗಾಳಿಯನ್ನು ಅಳೆಯಬೇಕು. ವರ್ಷದ ಬಹುಕಾಲ ನಿಂತೇ ಇರುವ ಟ್ರೇಲರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಟೈರಿನ ಮೇಲೆ DOT ಎಂದು ಅಚ್ಚಾದ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಹುಟ್ಟಿದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ಎಂದರ್ಥ. ವೇಗವನ್ನು ಕುರಿತು ಕ್ಯಾಲಿಫೋರ್ನಿಯದ ಕಾನೂನು ಸ್ಪಷ್ಟವಾಗಿದೆ: ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯೇ ಗರಿಷ್ಠ. 55ರ ಬದಲು 65ರಲ್ಲಿ ಓಡಿದರೆ ನಿಲ್ಲಿಸುವಾಗ ಕರಗಿಸಬೇಕಾದ ಶಕ್ತಿ ಸುಮಾರು 40 ಪ್ರತಿಶತ ಹೆಚ್ಚುತ್ತದೆ ಎಂಬುದನ್ನು ನೆನೆದರೆ ಈ ಕಟ್ಟುಪಾಡಿನ ಅರ್ಥ ತಿಳಿಯುತ್ತದೆ.

ಹೊರಡುವ ದಿನದ ಕೆಲಸಕ್ಕೆ ಒಂದು ಕ್ರಮವಿರಬೇಕು, ಅದು ಪ್ರತಿ ಸಲವೂ ಒಂದೇ ಆಗಿರಬೇಕು. ಟ್ರೇಲರಿನ ಗಾಲಿಗಳಿಗೆ ಅಡ್ಡಗಟ್ಟೆ ಇಟ್ಟಿರುವಾಗಲೇ ಕಪ್ಲರನ್ನು ಗುಂಡಿನ ಮೇಲೆ ಇಳಿಸಿ ಚಿಲಕ ಹಾಕಿ, ಮತ್ತೆ ಜಾಕಿನಿಂದ ಮೂಕಿಯನ್ನು ಎತ್ತಿ ನೋಡಬೇಕು; ಟ್ರಕ್ಕಿನ ಹಿಂಬದಿಯೂ ಜೊತೆಗೇ ಎದ್ದರೆ ಹಿಡಿತ ಸರಿಯಾಗಿದೆ ಎಂದರ್ಥ. ಆಮೇಲೆ ಭಾರ ಹಂಚುವ ಸಲಾಕೆಗಳು. ಆಮೇಲೆ ಎರಡು ಸರಪಣಿಗಳು, ಅವು ಮೂಕಿಯ ಕೆಳಗೆ ಒಂದನ್ನೊಂದು ಅಡ್ಡಹಾಯುವಂತೆ, ಏಕೆಂದರೆ ಕಪ್ಲರ್ ಕಳಚಿದರೆ ಮೂಕಿ ನೆಲಕ್ಕೆ ಬೀಳದೆ ಆ ಸರಪಣಿಗಳ ಮೇಲೆ ನಿಲ್ಲಬೇಕು. ಆಮೇಲೆ ಬ್ರೇಕ್‌ಅವೇ ತಂತಿ. ಆಮೇಲೆ ದೀಪ, ಬ್ರೇಕುಗಳಿಗೆ ವಿದ್ಯುತ್ತು ಒಯ್ಯುವ ಏಳು ಪಿನ್ನಿನ ಪ್ಲಗ್ಗು. ಒಬ್ಬರು ಹಿಂದೆ ನಿಂತು ದೀಪಗಳನ್ನು ನೋಡಿ, ಕನ್ನಡಿಗಳಲ್ಲಿ ಟ್ರೇಲರಿನ ಎರಡೂ ಪಕ್ಕಗಳು ಕಾಣುವುದನ್ನು ಖಚಿತಮಾಡಿಕೊಂಡ ಮೇಲೆ, ಎಲ್ಲಕ್ಕಿಂತ ಕೊನೆಗೆ ಅಡ್ಡಗಟ್ಟೆ ತೆಗೆಯಬೇಕು. ಗಾಲಿಗಳನ್ನು ಹೊಸದಾಗಿ ಹಾಕಿದ್ದರೆ ಸುಮಾರು 50 ಮೈಲಿ ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು.

ಇಷ್ಟೆಲ್ಲ ಲೆಕ್ಕವೂ ನಿಜದ ತೂಕ ತಿಳಿಯದಿದ್ದರೆ ಊಹೆಯೇ ಆಗಿ ಉಳಿಯುತ್ತದೆ. ಅಮೆರಿಕದ ಹೆದ್ದಾರಿಗಳ ಲಾರಿ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇ ಬ್ರಿಡ್ಜುಗಳಿವೆ. ಟ್ರಕ್ಕಿನ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳು ಇವುಗಳ ತೂಕವನ್ನು ಅವು ಬೇರೆಬೇರೆಯಾಗಿ ಬರೆದುಕೊಡುತ್ತವೆ. ಪ್ರವಾಸಕ್ಕೆ ಹೊರಡುವಂತೆಯೇ ಜನ, ಸಾಮಾನು, ನೀರು ಎಲ್ಲವನ್ನೂ ತುಂಬಿಕೊಂಡು ಮೂರು ಸಲ ತೂಗಿಸಬೇಕು: ಸಲಾಕೆಗಳನ್ನು ಬಿಗಿದು ಒಮ್ಮೆ, ಸಡಿಲಿಸಿ ಒಮ್ಮೆ, ಟ್ರೇಲರನ್ನು ಬಿಟ್ಟು ಟ್ರಕ್ಕನ್ನು ಮಾತ್ರ ಒಮ್ಮೆ. ಎರಡನೆಯ ಮತ್ತು ಮೂರನೆಯ ಚೀಟಿಗಳಲ್ಲಿನ ಟ್ರಕ್ಕಿನ ತೂಕದ ವ್ಯತ್ಯಾಸವೇ ನಿಜವಾದ ಮೂಕಿಭಾರ. ಮುಂದಿನ ಅಚ್ಚು ಕಳೆದುಕೊಂಡದ್ದೆಷ್ಟು, ಸಲಾಕೆಗಳಿಂದ ಮರಳಿ ಪಡೆದದ್ದೆಷ್ಟು ಎಂಬುದೂ ಅದೇ ಚೀಟಿಗಳಲ್ಲಿ ಸಿಗುತ್ತದೆ. ತೂಗಿದ ಅಂಕಿಗಳು ಬಾಗಿಲಿನ ಚೀಟಿಯ ಮಿತಿಯೊಳಗಿದ್ದರೆ ಹೊರಡಬಹುದು. ಮೀರಿದ್ದರೆ ಸಾಮಾನು ಇಳಿಸಬೇಕು, ಅಷ್ಟರಿಂದಲೂ ಸಾಲದಿದ್ದರೆ ಚಿಕ್ಕ ಟ್ರೇಲರನ್ನೋ ದೊಡ್ಡ ಟ್ರಕ್ಕನ್ನೋ ಆರಿಸಬೇಕು. ಕೊಳ್ಳಲು ಹೊರಟವರು ಮೊದಲು ತಮ್ಮ ಸಂಸಾರಕ್ಕೆ ತಕ್ಕ ಟ್ರೇಲರನ್ನು ಗೊತ್ತುಮಾಡಿಕೊಂಡು, ಅದು ತುಂಬಿದಾಗಿನ ಭಾರವನ್ನು ಲೆಕ್ಕಹಾಕಿ, ಅದಕ್ಕೆ ತಕ್ಕ ಟ್ರಕ್ಕನ್ನು ನಂತರ ಹುಡುಕಿದರೆ ಈ ಕಷ್ಟವೇ ಬರುವುದಿಲ್ಲ. ಹಿಡಿತ ತಪ್ಪಿದ ಟ್ರೇಲರ್ ತನ್ನ ಒಡೆಯನ ಕುಟುಂಬವನ್ನು ಮಾತ್ರ ಅಪಾಯಕ್ಕೆ ಒಡ್ಡುವುದಿಲ್ಲ, ಪಕ್ಕದ ಸಾಲಿನಲ್ಲಿ ಓಡುತ್ತಿರುವ ಅಪರಿಚಿತರ ಕುಟುಂಬವನ್ನೂ ಒಡ್ಡುತ್ತದೆ. ಆದ್ದರಿಂದ ತೂಗಿ, ಅಳೆದು, ಮಿತಿಯೊಳಗೆ ಕಟ್ಟುವುದು ಆ ರಸ್ತೆಯನ್ನು ಬಳಸುವ ಎಲ್ಲರಿಗೂ ಸಲ್ಲಬೇಕಾದ ಕರ್ತವ್ಯ.